ಮೂವತ್ತೇಳನೇ ನಂಬರಿನ ಲಿದೋರಾ

ವಾಷಿಂಗ್ಟನ್ ಲಾಕ್ವೆಸ್ತಾ ಎಂಬ ಹೆಸರು ಕೇಳಿ ಯಾರೋ ಭಾರಿ ಕುಳ ಇರಬೇಕು ಎಂದುಕೊಂಡರೆ ತಪ್ಪು ನಿಮ್ಮದಲ್ಲ. ಮೊಂಟೆವಿಡಿಯೊದಲ್ಲೂ ಸುತ್ತಲ ಹಳ್ಳಿಗಳಲ್ಲೂ ಅಪ್ಪಂದಿರಿಗೆ ಒಂದು ಕಾಲದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಪರದೇಶದ ಅಧ್ಯಕ್ಷರ ಹೆಸರಿಡುವ ಹುಚ್ಚು ಹಿಡಿದಿತ್ತು. ನಮ್ಮ ಲಾ ಉನಿಯೋನ್ ಬಡಾವಣೆಯ ಒಂದೇ ಬೀದಿಯಲ್ಲಿ ಮೂವರು ವಾಷಿಂಗ್ಟನ್ನರು, ಒಬ್ಬ ಲಿಂಕನ್ ಇದ್ದರು. ಲಿಂಕನ್ ಕೊಳಾಯಿ ರಿಪೇರಿ ಮಾಡುತ್ತಿದ್ದ, ಅದನ್ನೂ ನೆಟ್ಟಗೆ ಮಾಡುತ್ತಿರಲಿಲ್ಲ. ನಾನು ಹೇಳಹೊರಟಿರುವ ವಾಷಿಂಗ್ಟನ್ ಸಿಟಿ ಬಸ್ಸಿನ ಕಂಡಕ್ಟರು. ನನಗಿಂತ ಆರು ವರ್ಷ ದೊಡ್ಡವನಾದರೂ ನಾನು ಅವನಿಗೆ ಯಾವತ್ತೂ ಬಹುವಚನ ಹಚ್ಚಿದವಳಲ್ಲ. ಕಡ್ಡಿಯಂಥ ಮೈ, ಎರಡು ಕಿವಿಯ ಮೇಲೆ ಕೂತಂತಿರುವ ಟೋಪಿ. ಹೆಂಡತಿ ಎದೆಲ್ಮಾ ಮಾತ್ರ ಮದುವೆಯಾದ ದಿನದಿಂದ ಅವನನ್ನು "ಡುಮ್ಮಾ" ಎಂದೇ ಕರೆಯುತ್ತಾಳೆ.

ನಾನು ಜುಲ್ಮಾ. ನನ್ನದು ಪುಸ್ತಕ ಬದಲಾಯಿಸಿಕೊಡುವ ಅಂಗಡಿ, ಅಮ್ಮನ ಕಾಲದ್ದು. ಓದಿ ಮುಗಿಸಿದ ಒಂದನ್ನು ತಂದುಕೊಟ್ಟು ಓದದ ಇನ್ನೊಂದನ್ನು ಒಯ್ಯಬಹುದು. ಎಡಗಡೆ ಕುದುರೆ, ಬಂದೂಕಿನ ಕತೆಗಳು, ಬಲಗಡೆ ಪ್ರೇಮಕತೆಗಳು, ನಡುವೆ ನನ್ನ ತಲೆಯ ಹಿಂದಿನ ಗೂಡಿನಲ್ಲಿ "ಆರನೇ ಕಕ್ಷೆ". ಅಂಗೈಯಗಲದ ಐವತ್ತೆಂಟು ಪುಸ್ತಕಗಳ ವೈಜ್ಞಾನಿಕ ಕಾದಂಬರಿಗಳ ಮಾಲೆ ಅದು. ಬರೆದವನ ಹೆಸರು ಇಂಗ್ಲಿಷಿನದ್ದು, ಆದರೆ ಅವನ ಗಗನಯಾತ್ರಿಗಳು ಗುರುಗ್ರಹ ದಾಟಿದ ಮೇಲೂ ಕೇಸರಿ ಹಾಕಿದ ಅನ್ನಕ್ಕೇ ಹಾತೊರೆಯುತ್ತಿದ್ದರು. ಸ್ಪೇನಿನ ಯಾವನೋ ಗುಮಾಸ್ತ ವಾರಕ್ಕೊಂದರಂತೆ ಗೀಚಿ ಬಿಸಾಕುತ್ತಿದ್ದಾನೆ ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರಾಣ ಬಿಡುತ್ತಿದ್ದೆವು.

ಬಡಾವಣೆಗೆಲ್ಲ ಪ್ರತಿ ನಂಬರಿನದೂ ಒಂದೇ ಒಂದು ಪ್ರತಿ. ಮುಖಪುಟ ನೋಡಿ ಇದನ್ನು ಓದಿದ್ದೇನೋ ಇಲ್ಲವೋ ಎಂದು ಹೇಳುವ ಹಾಗಿಲ್ಲ, ಎಲ್ಲದರ ಮೇಲೂ ಅದೇ ರಾಕೆಟ್ಟು, ಅದೇ ಬಿಗಿ ಉಡುಪಿನ ಹೆಂಗಸು. ಅದಕ್ಕೇ ಓದಿ ಮುಗಿಸಿದವರು ಮೂವತ್ತಮೂರನೇ ಪುಟದಲ್ಲಿ ತಮ್ಮದೊಂದು ಗುರುತು ಹಾಕಬೇಕೆಂಬ ಪದ್ಧತಿ. ನನ್ನದು ಬೆಕ್ಕಿನ ಎರಡು ಕಿವಿ. ಮಾಂಸದಂಗಡಿಯವನದು ಹೆಬ್ಬೆಟ್ಟು. ವಾಷಿಂಗ್ಟನ್ನನದು ಟಿಕೆಟ್ ತೂತು ಮಾಡುವ ಇಕ್ಕಳದಿಂದ ಮಾಡಿದ ಸಣ್ಣ ರಂಧ್ರ. ಅವನು ಓದಿದ ಪುಸ್ತಕವನ್ನು ಬೆಳಕಿಗೆ ಹಿಡಿದರೆ ಸಾಕು, ಮೂವತ್ತಮೂರನೇ ಪುಟದಲ್ಲಿ ಒಂದು ನಕ್ಷತ್ರ ಮಿನುಗುತ್ತಿತ್ತು.

ಅವನು ಹಳ್ಳಿ ಬಿಟ್ಟು ರಾಜಧಾನಿಗೆ ಬಂದಾಗ ಹತ್ತೊಂಬತ್ತು ವರ್ಷ. ಬಸ್ಸು ಕೊನೆಯ ನಿಲ್ದಾಣದಲ್ಲಿ ಹನ್ನೊಂದು ನಿಮಿಷ ನಿಲ್ಲುತ್ತದೆ ಎಂಬುದು ಅವನ ಬಾಳಿನ ದೊಡ್ಡ ಲಾಭವಾಯಿತು. ಆ ಹನ್ನೊಂದು ನಿಮಿಷದಲ್ಲಿ ಎಂಟು ಪುಟ ಓದುತ್ತಿದ್ದ, ಓದಿದ್ದನ್ನು ಬಸ್ಸು ಹೊರಟ ಮೇಲೆ ಜನಕ್ಕೆಲ್ಲ ಹೇಳುತ್ತಿದ್ದ. ಕತೆ ಅರ್ಧಕ್ಕೆ ನಿಂತಿದೆಯೆಂದು ಹೆಂಗಸರು ತಮ್ಮ ಸ್ಟಾಪು ದಾಟಿ ಹೋಗಿ, ಕೊಂಡ ಮೀನು ಹಿಡಿದುಕೊಂಡು ವಾಪಸು ನಡೆದು ಬರುತ್ತಿದ್ದರು. ಮೀನು ಹಾಳಾಯಿತೆಂದು ಒಬ್ಬ ಗಂಡ ಕಂಪನಿಗೆ ದೂರು ಬರೆದದ್ದೂ ಉಂಟು.

ಯಾವ ಪುಸ್ತಕ ಎಷ್ಟು ಕತ್ತಲು, ಎಷ್ಟು ಬೆಳಕು ಎಂಬ ತಕರಾರು ಶುರುವಾದದ್ದು ನನ್ನ ಅಂಗಡಿಯಲ್ಲಿ. "ಜುಲ್ಮಾ, ಬೆಳಕಿನದೊಂದು ಕೊಡು, ಅತ್ತೆ ಹದಿನೈದು ದಿನಕ್ಕೆ ಬಂದಿದ್ದಾರೆ" ಎನ್ನುವವರಿದ್ದರು. "ಪೂರ್ತಿ ಕತ್ತಲಿನದು ಇದ್ರೆ ನೋಡು, ಹಲ್ಲು ನೋಯ್ತಿದೆ, ನನಗಿಂತ ಕಷ್ಟದಲ್ಲಿರೋರು ಬೇಕು" ಎನ್ನುವವರೂ ಇದ್ದರು. ನಾನು ನನಗೆ ತೋಚಿದ್ದು ಕೊಟ್ಟು ಬೈಸಿಕೊಳ್ಳುತ್ತಿದ್ದೆ. ಸೈನಿಕರ ಆಡಳಿತ ಮುಗಿದ ವರ್ಷ ವಾಷಿಂಗ್ಟನ್ ಒಂದು ಹಾಳೆ ಹಿಡಿದು ಬಂದ. ಕಾರ್ನಿವಲ್ಲಿನ ಹಾಡುತಂಡಗಳಿಗೆ ತೀರ್ಪುಗಾರರು ಅಂಕ ಕೊಡುವ ಹಾಳೆ. "ಸ್ವರ", "ವೇಷ" ಎಂದಿದ್ದಲ್ಲಿ ಗೀಟೆಳೆದು "ಸತ್ತವರು", "ಸೂರ್ಯರು", "ಊಟ", "ಕೊನೆಯ ವಾಕ್ಯ" ಎಂದು ಬರೆದಿದ್ದ.

"ಊಟ ಯಾಕೋ?" ಎಂದೆ.

"ಬೆಳಕಿನ ಪುಸ್ತಕದಲ್ಲಿ ಜನ ಉಣ್ತಾರೆ ಕಣೇ. ಕತ್ತಲಿನದರಲ್ಲಿ ಬರೀ ಮಾತ್ರೆ ನುಂಗ್ತಾರೆ. ಲೆಕ್ಕ ಹಾಕಿ ನೋಡು."

ನೋಡಿದೆ. ಹಾಳಾದವನು ಹೇಳಿದ್ದು ನಿಜವಾಗಿತ್ತು.

ಅಂದಿನಿಂದ ನಲವತ್ತು ವರ್ಷ, ಕಾರ್ನಿವಲ್ ಮುಗಿದ ಮರು ಭಾನುವಾರ, ಬೋಚಾಸ್ ಚೆಂಡು ಉರುಳಿಸುವ ನಮ್ಮ ಕ್ಲಬ್ಬಿನಲ್ಲಿ ತೀರ್ಪಿನ ಸಭೆ ನಡೆಯುತ್ತದೆ. ತೀರ್ಪುಗಾರರು ಮೂವರು. ಅಧ್ಯಕ್ಷ ವಾಷಿಂಗ್ಟನ್. ನಾನು. ಮೂರನೆಯವರು ದೋನ್ ಎಲ್ವಿಯೋ ಗರಮೆಂಡಿ, ಔಷಧಿ ಅಂಗಡಿ ಇಟ್ಟಿದ್ದವರು, ಚೆಂಡು ಉರುಳಿಸುವಾಗಲೂ ಟೈ ಬಿಚ್ಚದವರು. ಅವರಿಗೆ ಕತ್ತಲೆಂದರೆ ಪಂಚಪ್ರಾಣ. ರೋಬೋಟು ಸತ್ತರೆ ಸಾವಿನ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಒಂದಿಡೀ ಮಧ್ಯಾಹ್ನ ವಾದಿಸಿ ಅರ್ಧ ಅಂಕ ಗಿಟ್ಟಿಸಿದವರು ಅವರೇ. ಮರುವರ್ಷ ಗ್ರಹವೇ ಸ್ಫೋಟವಾದರೆ ಅದರ ಜನಸಂಖ್ಯೆಯನ್ನೆಲ್ಲ ಸೇರಿಸಬೇಕೆಂದು ಹಟ ಹಿಡಿದಾಗ ನಾನು ಕುರ್ಚಿ ಬಿಟ್ಟೆದ್ದು ಹೋಗಿದ್ದೆ. ಕೊನೆಗೆ, ಹೆಸರಿಟ್ಟು ಹೇಳಿದ ಹಡಗಿನಲ್ಲಿ ಇದ್ದವರನ್ನು ಮಾತ್ರ ಎಣಿಸುವುದು ಎಂದು ತೀರ್ಮಾನವಾಯಿತು.

ತಮಾಷೆಯೆಂದರೆ ಪ್ರತಿವರ್ಷ ಗೆಲ್ಲುತ್ತಿದ್ದುದು ಅವೇ ಎರಡು. ಕತ್ತಲಿಗೆ ನಲವತ್ತೊಂದನೇ ನಂಬರು, "ಉಸಿರು ಮುಗಿದ ಮೇಲೆ": ನೂರು ಜನರ ಹಡಗು, ನೂರು ಜನವೂ ಅಕ್ಷರಮಾಲೆಯ ಕ್ರಮದಲ್ಲಿ ಸಾಯುತ್ತಾರೆ. ಬೆಳಕಿಗೆ ಮೂವತ್ತೇಳನೇ ನಂಬರು, "ಶನಿಯ ಉಂಗುರದಲ್ಲಿ ಮದುವೆ". ಅದರಲ್ಲಿ ಒಬ್ಬರೂ ಸಾಯುವುದಿಲ್ಲ. ಹಡಗಿನ ಅಡುಗೆಯವನು ಇಂಜಿನಿಯರಳನ್ನು ಮದುವೆಯಾಗುತ್ತಾನೆ, ಎಂಬತ್ತು ಪುಟದಲ್ಲಿ ಹದಿನೇಳು ಸಲ ಊಟವಾಗುತ್ತದೆ, ಹಡಗು ನಡೆಸುವ ಲಿದೋರಾ ಎಂಬವಳು ಮುದುಕರು, ಮಕ್ಕಳು, ಕೊನೆಗೆ ನೆಲ ಒರೆಸುವ ರೋಬೋಟಿನ ಜೊತೆಯೂ ಕುಣಿಯುತ್ತಾಳೆ. "ಎರಡನೇ ಸೂರ್ಯ ಹುಟ್ಟುವವರೆಗೂ ಲಿದೋರಾ ಕುಣಿದಳು" ಎಂಬಲ್ಲಿಗೆ ಮುಗಿಯುತ್ತದೆ. ಶನಿಗ್ರಹಕ್ಕೆ ಎರಡನೇ ಸೂರ್ಯ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಸಂತೋಷವಾಗಿದ್ದಾಗ ಯಾರು ಕೇಳುತ್ತಾರೆ.

ಗೆದ್ದ ಕತ್ತಲಿಗೆ ಕಪ್ಪು ರಿಬ್ಬನ್ನು, ಬೆಳಕಿಗೆ ಹಳದಿ. ಹಳದಿ ರಿಬ್ಬನ್ನು ಕಟ್ಟುವವಳು ಯಾವತ್ತೂ ವಾಷಿಂಗ್ಟನ್ನನ ಒಬ್ಬಳೇ ಮಗಳು, ಯಾಕೆಂದರೆ ಅವಳ ಹೆಸರು ಲಿದೋರಾ. ಅವಳು ಹುಟ್ಟಿದ ದಿನ ಅಪ್ಪನ ಜೇಬಿನಲ್ಲಿ, ಆಗಿನ್ನೂ ಬೇರೆ ಯಾರೂ ಓದಿರದ ಇದೇ ಪುಸ್ತಕವಿತ್ತು. ಆಸ್ಪತ್ರೆಯಿಂದ ನೇರ ನೋಂದಣಿ ಕಚೇರಿಗೆ ಓಡಿ, ಇಂಥ ಹೆಸರು ಸಂತರ ಪಂಚಾಂಗದಲ್ಲೇ ಇಲ್ಲ ಎಂದ ಗುಮಾಸ್ತನಿಗೆ ಪುಸ್ತಕ ತೆಗೆದು ತೋರಿಸಿ ಬರೆಸಿದ್ದ. ಮೊದಲ ಸಭೆಯ ವರ್ಷ ಅವಳಿಗೆ ಐದು ತುಂಬಿತ್ತು, ರಿಬ್ಬನ್ನಿಗೆ ಹದಿನಾಲ್ಕು ಗಂಟು ಹಾಕಿದ್ದಳು. ಈಗ ನಲವತ್ತೈದು. ಅಪ್ಪ ಕಂಡಕ್ಟರಾಗಿದ್ದ ಕಂಪನಿಯಲ್ಲೇ ಬಸ್ಸು ಓಡಿಸುತ್ತಾಳೆ, ಓಡಿಸುತ್ತ ಜೋರಾಗಿ ಹಾಡುತ್ತಾಳೆ. ಅವಳ ಸ್ವರ ಕೇಳಿಯೂ ಜನ ಬಸ್ಸು ಹತ್ತುವುದನ್ನು ಬಿಟ್ಟಿಲ್ಲವೆಂದರೆ ಅವಳೆಷ್ಟು ಒಳ್ಳೆಯವಳಿರಬೇಕು ನೋಡಿ.

ಕಳೆದ ಮಾರ್ಚಿನಲ್ಲಿ, ಸಭೆಗೆ ಮೂರು ದಿನವಿದೆ ಎನ್ನುವಾಗ ದೋನ್ ಎಲ್ವಿಯೋ ನನ್ನ ಅಂಗಡಿಗೆ ಬಂದರು. ಟೈ ಓರೆಯಾಗಿತ್ತು. ನನಗೆ ಆಗಲೇ ಗಾಬರಿಯಾಯಿತು.

"ದೋನ್ಯ ಜುಲ್ಮಾ, ನಿಮ್ಮ ಮೂವತ್ತೇಳು ಕೊಡಿ." ನನ್ನ ಹೆಸರಿಗೆ ಮರ್ಯಾದೆಯ "ದೋನ್ಯ" ಸೇರಿಸುವವರು ಅವರೊಬ್ಬರೇ.

ಕೊಟ್ಟೆ. ಅವರು ಕೋಟಿನ ಒಳಜೇಬಿನಿಂದ ಇನ್ನೊಂದು ಮೂವತ್ತೇಳು ತೆಗೆದು ಅದರ ಪಕ್ಕ ಇಟ್ಟರು. ಭಾನುವಾರದ ದೊಡ್ಡ ಸಂತೆಯಲ್ಲಿ, ಹಳೇ ಬೀಗದ ಕೈಗಳ ರಾಶಿಯ ಕೆಳಗೆ ಸಿಕ್ಕಿತಂತೆ. ಅದೇ ರಾಕೆಟ್ಟು, ಅದೇ ಹೆಂಗಸು. ಆದರೆ ಅವರದ್ದು ಒಂದಿಷ್ಟು ದಪ್ಪ ಹೆಚ್ಚು. ನಮ್ಮದರಲ್ಲಿ ಎಂಬತ್ತು ಪುಟ. ಅದರಲ್ಲಿ ತೊಂಬತ್ತಾರು.

ನಿಂತಲ್ಲೇ ಓದಿದೆ. ಮಾಟೆ ಎಲೆಯ ಕಷಾಯ ಕುಡಿಯಲೆಂದು ಕಾಯಿಸಿದ ನೀರು ಆರಿ ತಣ್ಣಗಾಯಿತು. ಎಂಬತ್ತೊಂದನೇ ಪುಟದಲ್ಲಿ ಎರಡನೇ ಸೂರ್ಯ ಎಂದರೆ ಏನೆಂದು ಬರೆದಿತ್ತು: ಉರಿಯುತ್ತಿರುವ ಹಡಗು. ಲಿದೋರಾ ಕುಣಿತದ ನಡುವೆ ಮೆಲ್ಲಗೆ ಜಾರಿಕೊಂಡು ಇಂಧನದ ಕೋಣೆಗೆ ಬೆಂಕಿಯಿಟ್ಟು, ಸಣ್ಣ ದೋಣಿ ಹತ್ತಿ ಹೊರಗೆ ಬಂದಿದ್ದಳು. ಅಲ್ಲಿ ಒಬ್ಬಳೇ, ಹಡಗು ಸುಡುವುದನ್ನು ನೋಡುತ್ತ, ಕುಣಿತ ಮುಂದುವರಿಸಿದ್ದಳು. ಇನ್ನೂರ ಹದಿನಾಲ್ಕು ಜನ, ಮದುಮಕ್ಕಳೂ ಸೇರಿ. ಯಾಕೆಂದರೆ ಮದುವೆಯ ಕರೆಯೋಲೆಯಲ್ಲಿ ಅವಳ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹಾಕಿದ್ದರು.

ನನಗೆ ರೇಗಿಹೋಯಿತು. ನಲವತ್ತೈದು ವರ್ಷ ನನ್ನ ಗೂಡಿನಲ್ಲಿದ್ದ ಪುಸ್ತಕದಲ್ಲಿ ಹದಿನಾರು ಪುಟ ಇಲ್ಲವೆಂಬುದು ನನಗೇ ತಿಳಿಯಲಿಲ್ಲವಲ್ಲ. ಎಷ್ಟು ಬಾಣಂತಿಯರಿಗೆ, ಎಷ್ಟು ಗಂಡ ಸತ್ತವರಿಗೆ "ಇದನ್ನು ಓದಿ, ಮನಸ್ಸು ಹಗುರಾಗುತ್ತೆ" ಎಂದು ಕೊಟ್ಟಿದ್ದೇನೋ.

ದೋನ್ ಎಲ್ವಿಯೋ ಅವರ ಮುಖ ಮಾತ್ರ ಗೆದ್ದವರದ್ದಾಗಿರಲಿಲ್ಲ. "ನನ್ನ ನಲವತ್ತೊಂದರಲ್ಲಿ ನೂರೇ ಜನ" ಎಂದರು. "ಇದರಲ್ಲಿ ಎರಡು ಪಟ್ಟಿಗೂ ಮೇಲೆ. ನನ್ನ ಪುಸ್ತಕ ಸೋಲುತ್ತೆ, ದೋನ್ಯ. ಆದ್ರೆ ಏನು ಮಾಡೋದು, ಸಭೆಗೆ ತರದೆ ಇರೋಕೆ ನನ್ನ ಮನಸ್ಸು ಒಪ್ಪಲ್ಲ." ಪುಸ್ತಕವನ್ನು ಮತ್ತೆ ಒಳಜೇಬಿಗಿಟ್ಟು ಗುಂಡಿ ಹಾಕಿಕೊಂಡು, ಸ್ವಂತ ಮಗನ ವಿರುದ್ಧ ಸಾಕ್ಷಿ ಹೇಳಲು ಹೊರಟವರ ಹಾಗೆ ನಡೆದುಹೋದರು.

ನಾನು ಅಂಗಡಿಯ ಬಾಗಿಲೆಳೆದು ವಾಷಿಂಗ್ಟನ್ನನ ಮನೆಗೆ ಹೋದೆ. ಹಿತ್ತಲಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಮಾಟೆ ಸೋರೆಬುರುಡೆಗೆ ಬಿಸಿನೀರು ಬಗ್ಗಿಸುತ್ತಿದ್ದ.

"ದೋನ್ ಎಲ್ವಿಯೋಗೆ ಮೂವತ್ತೇಳರ ಇನ್ನೊಂದು ಪ್ರತಿ ಸಿಕ್ಕಿದೆ" ಎಂದೆ.

ನೀರು ಬುರುಡೆ ತಪ್ಪಿ ಅವನ ಚಪ್ಪಲಿಯ ಮೇಲೆ ಬಿತ್ತು. ಅವನು ಕಾಲು ಹಿಂದೆಳೆಯಲೇ ಇಲ್ಲ.

"ಎಷ್ಟು ಪುಟ?"

"ತೊಂಬತ್ತಾರು."

"ಹಾಗಾದ್ರೆ ಪೂರ್ತಿ ಇದೆ."

"ಪೂರ್ತಿ ಇದೆ ಅಂತ ನಿನಗೆ ಹೇಗೆ ಗೊತ್ತು?"

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನ ಬೋಳುತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮಗಳು ಹುಟ್ಟಿದ ದಿನ ಅವನು ಓದಿದ್ದು ಎಂಬತ್ತನೇ ಪುಟದ ಕೊನೆಯ ಸಾಲಿನವರೆಗೆ ಮಾತ್ರವಂತೆ. ಅಷ್ಟರಲ್ಲಿ ಬಸ್ ಡಿಪೋಗೆ ಫೋನು ಬಂತು, ಹೆಣ್ಣು ಮಗು ಎಂದು. ಪುಟದ ಮೂಲೆ ಮಡಚಿ ಓಡಿದ. ಆಮೇಲೆ ತೊಟ್ಟಿಲು, ಬಟ್ಟೆ, ನಿದ್ದೆಯಿಲ್ಲದ ರಾತ್ರಿಗಳು. ಉಳಿದ ಹದಿನಾರು ಪುಟಕ್ಕೆ ಬಿಡುವು ಸಿಕ್ಕಿದ್ದು ನಲವತ್ತು ದಿನದ ಮೇಲೆ, ಕೊನೆಯ ನಿಲ್ದಾಣದಲ್ಲಿ. ಆ ದಿನ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತಂತೆ. ಮಾರನೇ ದಿನ ಹದಿನಾರು ಪುಟ ಕಿತ್ತು, ಮೈದಾ ಅಂಟಿನಿಂದ ಹಿಂಬದಿಯ ರಟ್ಟನ್ನು ಮತ್ತೆ ಅಂಟಿಸಿ, ಅದರ ಮರುದಿನ ಏನೂ ಅರಿಯದವನ ಹಾಗೆ ನನ್ನ ಅಮ್ಮನ ಕೈಗೆ ಕೊಟ್ಟು ಬಂದಿದ್ದ.

"ಕಳ್ಳಾ" ಎಂದೆ. "ಇಷ್ಟು ವರ್ಷ ಅಧ್ಯಕ್ಷನ ಕುರ್ಚೀಲಿ ಕೂತು ನಮ್ಮನ್ನೆಲ್ಲ ಕುಣಿಸಿದೆಯಲ್ಲ."

"ಬೇರೆ ದಾರಿ ಇರಲಿಲ್ಲ ಕಣೇ. ಅವಳು ರಿಬ್ಬನ್ ಕಟ್ತಾಳಲ್ಲ." ಮತ್ತೆ ಹೇಳಿದ: "ಶಾಲೇಲಿ ಅವಳ ಹೆಸರು ಕೇಳಿ ಎಲ್ಲರೂ ನಗ್ತಿದ್ರು. ಅಡುಗೆಮನೆ ಸೋಪಿನ ಹೆಸರಿದ್ದ ಹಾಗಿದೆ ಅಂತಿದ್ರು. ಆಗ ಇವಳು ಏನು ಹೇಳ್ತಿದ್ಲು ಗೊತ್ತಾ? 'ನಾನು ಶನಿಯ ಉಂಗುರದಲ್ಲಿ ಕುಣಿದವಳು' ಅಂತಿದ್ಲು. ಈಗಲೂ ಹಾಗೇ ಅಂದ್ಕೊಂಡೇ ಬಸ್ಸು ಹತ್ತೋದು ಅವಳು. ಇನ್ನೂರ ಹದಿನಾಲ್ಕು ಜನರನ್ನ ಸುಟ್ಟವಳ ಹೆಸರು ಅಂತ ಭಾನುವಾರ ಗೊತ್ತಾದ್ರೆ ನಾನು ಅವಳ ಮುಖ ಹೇಗೆ ನೋಡ್ಲಿ?"

ನನಗೆ ಬೈಯುವುದಕ್ಕೆ ಇನ್ನೂ ಬೇಕಾದಷ್ಟಿತ್ತು. ಬೈಯಲಾಗಲಿಲ್ಲ. ಅವನ ಮೇಲೆ ಕನಿಕರ ಬಂತು, ಅದರ ಜೊತೆಗೇ ತಡೆಯಲಾರದ ನಗುವೂ ಬರುತ್ತಿತ್ತು. ಅವನ ಒದ್ದೆ ಚಪ್ಪಲಿ ನೋಡುತ್ತ ಎರಡನ್ನೂ ಹೇಗೋ ನುಂಗಿಕೊಂಡೆ.

ಭಾನುವಾರ ಮಳೆ ಹನಿಯುತ್ತಿತ್ತು, ಹಾಗಾಗಿ ಎದೆಲ್ಮಾ ಕ್ಲಬ್ಬಿನ ಅಡುಗೆಮನೆಯಲ್ಲಿ ಕರಿದ ರೊಟ್ಟಿ ಮಾಡುತ್ತಿದ್ದಳು. ಮಳೆ ಬಂದ ದಿನ ಕರಿದ ರೊಟ್ಟಿಯಿಲ್ಲದ ಮನೆ ನಮ್ಮಲ್ಲಿಲ್ಲ. ಅರುವತ್ತು ಎಪ್ಪತ್ತು ಜನ ಸೇರಿದ್ದರು. ಲಿದೋರಾ ಐದು ಗಂಟೆಯ ಪಾಳಿಗೆ ಹೋಗಬೇಕೆಂದು ಸಮವಸ್ತ್ರದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಹಳದಿ ರಿಬ್ಬನ್ನು.

ಅಂದು ವಾಷಿಂಗ್ಟನ್ ಮಾತಾಡಿದಷ್ಟು ಯಾವ ಅಧ್ಯಕ್ಷನೂ ಮಾತಾಡಿರಲಿಕ್ಕಿಲ್ಲ. ಮೊದಲು ಮೂರನೇ ನಂಬರಿನಲ್ಲಿ ಬರುವ ಸಾರಿನ ಬಗ್ಗೆ ಅರ್ಧ ಗಂಟೆ. ಆಮೇಲೆ ಮಾಲೆಯಲ್ಲಿ ಈವರೆಗೆ ಸತ್ತ ರೋಬೋಟುಗಳಿಗೆ ಒಂದು ನಿಮಿಷದ ಮೌನ, ಅವಕ್ಕೆ ಸಾವಿನ ಲೆಕ್ಕದಲ್ಲಿ ಅರ್ಧವೇ ಅಂಕ ಸಿಕ್ಕಿದ್ದಕ್ಕೆ ಇನ್ನೊಂದು ಅರ್ಧ ನಿಮಿಷ. ಆಮೇಲೆ ಮಳೆಯ ಕಾರಣ ಸಭೆಯನ್ನು ಮುಂದಿನ ವರ್ಷಕ್ಕೆ ಹಾಕೋಣ ಎಂದ.

"ಮಳೆ ಹೊರಗಿದೆ, ನಾವು ಒಳಗಿದ್ದೀವಿ" ಎಂದ ಮಾಂಸದಂಗಡಿಯವನು.

"ಡುಮ್ಮಾ, ಕೂತ್ಕೋ" ಎಂದಳು ಎದೆಲ್ಮಾ ಅಡುಗೆಮನೆಯಿಂದ. "ರೊಟ್ಟಿ ಆರೋಗ್ತಿದೆ."

ಅವನು ಕೂತ. ದೋನ್ ಎಲ್ವಿಯೋ ಎದ್ದು ಕೋಟಿನ ಗುಂಡಿ ಬಿಚ್ಚಿದರು. ನಾನು ಕಣ್ಣುಸನ್ನೆಯಲ್ಲಿ ಬೇಡವೆಂದೆ, ಮೇಜಿನ ಕೆಳಗೆ ಕಾಲು ತುಳಿದೆ. ಅವರು ನೋವಿನಿಂದ ಒಮ್ಮೆ ಕಣ್ಣು ಮುಚ್ಚಿ, ತೆರೆದು, ಪುಸ್ತಕವನ್ನು ಮೇಜಿನ ಮೇಲಿಟ್ಟರು. ಇನ್ನೊಂದು ಪ್ರತಿ ಸಿಕ್ಕಿದೆ, ಅದರಲ್ಲಿ ನಾವು ಯಾರೂ ಓದದ ಹದಿನಾರು ಪುಟಗಳಿವೆ, ಸಭೆಯ ಮುಂದೆ ಓದಿದ ಹೊರತು ತೀರ್ಪು ಕೊಡುವಂತಿಲ್ಲ ಎಂದು ಹೇಳಿದರು.

ಕ್ಲಬ್ಬಿನ ತುಂಬ ಗಲಾಟೆಯೆದ್ದಿತು. ಮದುವೆಯ ನಂತರದ ಕತೆ ಇದೆಯಂತೆ, ಮಗುವಾಯಿತೇನೋ, ಅವಳಿಗಳೇನೋ ಎಂದು ಜನ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಯಾರು ಓದುವುದು ಎಂಬ ಪ್ರಶ್ನೆ ಬಂದಾಗ ಲಿದೋರಾ ಎದ್ದು ಬಂದಳು.

"ನನ್ನ ಹೆಸರಿನ ಪುಸ್ತಕ. ನಾನೇ ಓದ್ತೀನಿ."

"ಬೇಡ ಮಗಳೇ" ಎಂದ ವಾಷಿಂಗ್ಟನ್. "ಅಕ್ಷರ ಸಣ್ಣದಿದೆ."

"ರಾತ್ರಿ ಮಳೇಲಿ ಬಸ್ಸು ಓಡಿಸೋಳು ನಾನು. ಇದು ಕಾಣಲ್ವಾ ನನಗೆ?"

ಓದಿದಳು. ಒಳ್ಳೆಯ ಗಟ್ಟಿ ದನಿ ಅವಳದು, ಸ್ಟಾಪಿನ ಹೆಸರು ಕೂಗುವ ದನಿ. ಇಂಧನದ ಕೋಣೆ ಬಂದಾಗ ಜನ ಪಿಸುಗುಡುವುದನ್ನು ನಿಲ್ಲಿಸಿದರು. ಬೆಂಕಿ ಬಂದಾಗ ಎದೆಲ್ಮಾ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ವಾಷಿಂಗ್ಟನ್ ಮೇಜಿನ ಮೇಲಿನ ತನ್ನ ಎರಡು ಕೈಗಳನ್ನೇ ನೋಡುತ್ತಿದ್ದ. ನಾನು ಅವನನ್ನೇ ನೋಡುತ್ತಿದ್ದೆ. 

ಕೊನೆಯ ಸಾಲು ಓದಿ ಅವಳು ಪುಸ್ತಕ ಮುಚ್ಚಿದಳು.

"ಇನ್ನೂರ ಹದಿನಾಲ್ಕು ಜನ" ಎಂದಳು. "ಕರೆಯೋಲೇಲಿ ಹೆಸರು ಕೊನೆಗೆ ಹಾಕಿದ್ದಕ್ಕೆ."

ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರನ್ನೂ ಒಮ್ಮೆ ನೋಡಿದಳು.

"ಕೊನೆಗೆ ಹಾಕಿದ್ರೆ ಮತ್ತೇನು ಮಾಡ್ಬೇಕಿತ್ತು?"

ಮೊದಲು ನಕ್ಕವನು ಮಾಂಸದಂಗಡಿಯವನು. ಆಮೇಲೆ ಎದೆಲ್ಮಾ, ಆಮೇಲೆ ಇಡೀ ಕ್ಲಬ್ಬು. ಲಿದೋರಾ ನಗುತ್ತ ನಗುತ್ತ ಮೇಜಿಗೆ ಒರಗಿದಳು, ಟೋಪಿ ಕೆಳಗೆ ಬಿತ್ತು. "ನಮ್ಮ ಕಸಿನ್ ಮದುವೇಲೂ ನನ್ನ ಹೆಸರು ಕೊನೇಲೇ ಇತ್ತು, ಅವರಿಗೆ ಯಾರಾದ್ರೂ ಹೇಳ್ರಪ್ಪ" ಎಂದಳು. ಹಿಂದಿನ ಸಾಲಿನಲ್ಲಿ ಆ ಕಸಿನ್ ಕೂತೇ ಇದ್ದಳು, ಅವಳೂ ನಗುತ್ತಿದ್ದಳು, ಸ್ವಲ್ಪ ಹುಷಾರಾಗಿ. ದೋನ್ ಎಲ್ವಿಯೋ ಕೂಡ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅವತ್ತೇ.

ನಗದೇ ಇದ್ದವನು ಒಬ್ಬನೇ. ಅದನ್ನು ಮೊದಲು ಕಂಡವಳು ಮಗಳೇ.

ಅವಳು ಎರಡು ಪ್ರತಿಗಳನ್ನೂ ಕೈಗೆತ್ತಿಕೊಂಡು, ನಮ್ಮ ತೆಳ್ಳನೆಯದರ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದಳು. ಒಣಗಿದ ಮೈದಾ ಅಂಟು ಪುಡಿಪುಡಿಯಾಗಿ ಉದುರಿತು.

"ಇದನ್ನ ಕಿತ್ತಿದ್ದು ಯಾರು?"

ವಾಷಿಂಗ್ಟನ್ ಎದ್ದು ನಿಂತ. "ನಾನು" ಎಂದ. ಡಿಪೋಗೆ ಬಂದ ಫೋನು, ಮಡಚಿದ ಪುಟ, ನಲವತ್ತು ದಿನ, ಎಲ್ಲವನ್ನೂ ಎಲ್ಲರ ಮುಂದೆ ಹೇಳಿದ. ಹೇಳುವಾಗ ಒಮ್ಮೆಯೂ ತಲೆಯೆತ್ತಲಿಲ್ಲ.

"ಆ ಹಾಳೆಗಳಾ?" ಎಂದಳು ಎದೆಲ್ಮಾ. "ಅದರಲ್ಲೇ ಅಲ್ವಾ ನಾನು ಮಗು ಬಟ್ಟೆ ಒಣಗಿಸೋಕೆ ಇದ್ದಿಲು ಹೊತ್ತಿಸಿದ್ದು. ಚೆನ್ನಾಗಿ ಹತ್ತಿಕೊಂಡಿತ್ತು."

ಮತ್ತೆ ನಗೆಯೆದ್ದಿತು. ಈ ಸಲ ಲಿದೋರಾ ನಗಲಿಲ್ಲ. ಅವಳು ಅಪ್ಪನ ಎದುರಿಗೆ ಬಂದು ನಿಂತಳು.

"ಅಪ್ಪಾ, ಆಗ ನಲವತ್ತು ದಿನದ ಮಗು ನಾನು. ಹೆಸರು ಬದಲಾಯಿಸಬಹುದಾಗಿತ್ತಲ್ಲ? ಒಂದು ಅರ್ಜಿ ಕೊಟ್ಟಿದ್ರೆ ಆಗಿತ್ತು. ಇಷ್ಟು ವರ್ಷ ಈ ಭಯ ಯಾಕೆ ಇಟ್ಕೊಂಡೆ?"

"ಅರ್ಜಿ ಬರೆದಿದ್ದೆ" ಎಂದ ವಾಷಿಂಗ್ಟನ್. "ಮಾರನೇ ದಿನಾನೇ ನಿನ್ನ ಎತ್ಕೊಂಡು ಕಚೇರಿಗೆ ಹೋದೆ. ಮರಿಯಾ ಅಂತ ಇಡೋಣ, ಯಾರ ತಂಟೆಗೂ ಹೋಗದ ಹೆಸರು ಅಂತ."

"ಗಾಳಿ ಕುಡಿಸ್ಕೊಂಡು ಬರ್ತೀನಿ ಅಂದಿದ್ದೆ ನನ್ನ ಹತ್ರ" ಎಂದಳು ಎದೆಲ್ಮಾ. ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

"ಸಾಲಿನಲ್ಲಿ ನಿಂತಿದ್ದೆ. ನೀನು ನನ್ನ ಹೆಗಲ ಮೇಲೆ ಆಚೆ ಕಡೆ ಮುಖ ಮಾಡ್ಕೊಂಡಿದ್ದೆ. ನನ್ನ ಸರದಿ ಬಂತು. ಗುಮಾಸ್ತ ಹಳೇ ಕಾಗದ ನೋಡಿ 'ಲಿದೋರಾ ಯಾರು?' ಅಂತ ಕೂಗಿದ. ನೀನು ತಿರುಗಿ ನೋಡಿದೆ." ಅವನು ಟೋಪಿಯ ಅಂಚನ್ನು ತಿರುವುತ್ತಿದ್ದ. "ಅಷ್ಟು ಸಣ್ಣ ಮಗೂಗೆ ಏನೂ ಗೊತ್ತಾಗಲ್ಲ, ಶಬ್ದಕ್ಕೆ ತಿರುಗುತ್ತೆ ಅಂತ ಆಮೇಲೆ ಜನ ಹೇಳಿದ್ರು. ಇರಬಹುದು. ನಾನು ಕಂಡಿದ್ದು ನೀನು ತಿರುಗಿ ನೋಡಿದ್ದು. ಆಗಲೇ ಅದು ನಿನ್ನ ಹೆಸರಾಗಿಬಿಟ್ಟಿತ್ತು ಮಗಳೇ. ನಿನ್ನಿಂದ ಅದನ್ನ ಕಿತ್ಕೊಳ್ಳೋಕೆ ಆಗಲಿಲ್ಲ. ಮನೆಗೆ ಬಂದು ಪುಸ್ತಕದಿಂದ ಕಿತ್ತೆ."

 ನನಗೆ ಅಳು ಬಂತು, ಬಂತೆಂದು ಹೇಳಲು ನಾಚಿಕೆಯೇನೂ ಇಲ್ಲ. ದೋನ್ ಎಲ್ವಿಯೋ ಕರವಸ್ತ್ರ ಹುಡುಕಿ, ಸಿಗದೆ, ಟೈಯಲ್ಲೇ ಮೂಗೊರೆಸಿಕೊಂಡರು. ನಲವತ್ತು ವರ್ಷ ಬಿಚ್ಚದ ಟೈ.

ಆದರೆ ಅವರು ಅವರೇ. "ತೀರ್ಪು ಬಾಕಿಯಿದೆ" ಎಂದರು ಗಂಟಲು ಸರಿಮಾಡಿಕೊಂಡು. "ಪುಟ ಕಿತ್ತವರಿಗೆ ಈ ಪುಸ್ತಕದ ಮೇಲೆ ಮತ ಇಲ್ಲ. ನನ್ನ ಮತ ಕತ್ತಲಿಗೆ. ದೋನ್ಯ ಜುಲ್ಮಾ, ನಿಮ್ಮದು?"

ನಾನು ಎರಡು ಹಾಳೆಗಳನ್ನೂ ಮುಂದಕ್ಕೆಳೆದುಕೊಂಡೆ. ಕತ್ತಲಿನ ಹಾಳೆಯಲ್ಲಿ ಮೂವತ್ತೇಳಕ್ಕೆ ಹತ್ತಕ್ಕೆ ಹತ್ತು ಬರೆದೆ. ಬೆಳಕಿನ ಹಾಳೆಯಲ್ಲೂ ಮೂವತ್ತೇಳಕ್ಕೆ ಹತ್ತಕ್ಕೆ ಹತ್ತು ಬರೆದೆ.

"ಒಂದೇ ಪುಸ್ತಕಕ್ಕೆ ಎರಡೂ ಕೊಡೋಕೆ ನಿಯಮದಲ್ಲಿ ಎಲ್ಲಿದೆ?" ಎಂದರು ದೋನ್ ಎಲ್ವಿಯೋ.

"ಕೊಡಬಾರದು ಅಂತ ಎಲ್ಲಿದೆ ತೋರಿಸಿ" ಎಂದೆ.

ಅವರು ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಮುಚ್ಚಿಟ್ಟು, ಒಂದು ಕರಿದ ರೊಟ್ಟಿ ತೆಗೆದುಕೊಂಡರು. ಲಿದೋರಾ ದಪ್ಪ ಪ್ರತಿಗೆ ಕಪ್ಪು ರಿಬ್ಬನ್ನು ಕಟ್ಟಿದಳು, ತೆಳ್ಳನೆಯದಕ್ಕೆ ಹಳದಿ. ಜನ ರೊಟ್ಟಿಗೆ ಮುಗಿಬಿದ್ದರು. ನಲವತ್ತೊಂದನೇ ನಂಬರನ್ನು ಯಾರೂ ಕೇಳಲಿಲ್ಲ, ಪಾಪ, ಅದು ಮೇಜಿನ ಕೆಳಗೆ ಬಿದ್ದಿತ್ತು.

ಐದಕ್ಕೆ ಹತ್ತು ನಿಮಿಷವಿತ್ತು. ಲಿದೋರಾ ಟೋಪಿ ಹಾಕಿಕೊಂಡು, ಅಮ್ಮ ಕಾಗದದಲ್ಲಿ ಸುತ್ತಿಕೊಟ್ಟ ರೊಟ್ಟಿ ಜೇಬಿಗಿಳಿಸಿ ಹೊರಟಳು. ವಾಷಿಂಗ್ಟನ್ ಅದೇ ಕುರ್ಚಿಯಲ್ಲಿ, ಇನ್ನೂ ತಲೆ ತಗ್ಗಿಸಿಕೊಂಡೇ ಕೂತಿದ್ದ. ಅವಳು ಬಾಗಿಲ ಹತ್ತಿರ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತಳು, ಬೆನ್ನು ನಮ್ಮ ಕಡೆಗೆ.

"ಅಪ್ಪಾ, ಒಂದ್ಸಲ ಕರಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಅವನ ಮೊಣಕೈ ತಿವಿದೆ.

"ಲಿದೋರಾ" ಎಂದ. 

ಅವಳು ತಿರುಗಿ ನೋಡಿದಳು.